ಇಳಿಯುವಾಗ ಕೈಕೊಟ್ಟ ಮಂಡಿ

ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಪಣ ತೊಟ್ಟಿದ್ದೆ. ಹತ್ತುವುದು ಸಲೀಸು. ಇಳಿಯುವಾಗ ನಂದಿ ಹತ್ತಿರ ಬರುವಷ್ಟರಲ್ಲೇ ಮಂಡಿಚಿಪ್ಪಿನ ಸುತ್ತ ಚುಳ್ ಅನ್ನುತ್ತಿತ್ತು. ಸುಮ್ನೆ ಬಿಟ್ಟುಬಿಡು ಎಂದವರೇ ಜಾಸ್ತಿ.

ಇಳಿಯುವಾಗ ಹೆಜ್ಜೆ ಹೆಜ್ಜೆಗೂ ಮೈಭಾರ ತಡೆಯುವುದು ತೊಡೆಯ ಮುಂಭಾಗದ ಸ್ನಾಯು, ಅದು ದಣಿದರೆ ಪೆಟ್ಟು ಮಂಡಿಗೆ ಎಂದರು ಫಿಸಿಯೋ. ಸರಿ, ಹತ್ತುವುದನ್ನು ಬಿಡಲಿಲ್ಲ, ಇಳಿಯುವುದನ್ನು ಬಿಟ್ಟೆ. ಮೇಲಿಂದ 201ನೇ ನಂಬರ್ ಬಸ್ಸು. ಪರಿಚಯದವರು ಸಿಕ್ಕರೆ ಸ್ವಲ್ಪ ಮುಜುಗರ, ಅಷ್ಟೇ!

ಮನೆಯಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು, ನಿಧಾನವಾಗಿ ನಾಲ್ಕು ಎಣಿಸುತ್ತಾ ಇನ್ನೊಂದು ಹಿಮ್ಮಡಿ ನೆಲಕ್ಕೆ ತಾಕಿಸುತ್ತಿದ್ದೆ. ನಿಂತ ಕಾಲಿನ ಮಂಡಿ ಒಳಕ್ಕೆ ವಾಲಬಾರದು. ಮಳೆ ಬಂದು ಬೆಟ್ಟದ ಮೆಟ್ಟಿಲಲ್ಲಿ ಕಾಲು ಜಾರುವಂತಿದ್ದಾಗಲೂ ಮನೆಯ ಈ ವ್ಯಾಯಾಮವೇ ಗತಿ. ಈಗ ಆಗಾಗ ನಡೆದೇ ಇಳಿಯುತ್ತೇನೆ, ಅವಸರವಿಲ್ಲದೆ.