ಬೆಳಗ್ಗೆ ಸಿಂಗಪುರದಲ್ಲಿ ಇಳಿಯುವವರಿಗೆ, ರೂಮಿನ ಬಗ್ಗೆ

ಬೆಂಗಳೂರಿನಿಂದ ರಾತ್ರಿ ಹನ್ನೊಂದರ ಹೊತ್ತಿಗೆ ವಿಮಾನ ಹತ್ತಿದರೆ ಸುಮಾರು ನಾಲ್ಕೂವರೆ ಗಂಟೆಯ ಪ್ರಯಾಣ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಇಳಿಯುವಾಗ ಬೆಳಗ್ಗೆ ಆರು, ನಿದ್ದೆ ಮಾತ್ರ ಆಗಿರೋದಿಲ್ಲ. ಹೋಟೆಲಿನಲ್ಲಿ ರೂಮು ಸಿಗೋದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಅಥವಾ ಮೂರಕ್ಕೆ.

ರೂಮು ಬೆಳಗ್ಗೆಯೇ ಬೇಕು ಅಂತ ಎರಡು ಮೂರು ದಿನ ಮೊದಲೇ ಹೋಟೆಲಿಗೇ ನೇರವಾಗಿ ಇಮೇಲ್ ಮಾಡಿ. ಆ್ಯಪ್‌ನಲ್ಲಿ ಬುಕ್ ಮಾಡುವಾಗ ಬರೆದ ಕೋರಿಕೆಯನ್ನೇ ನಂಬಿ ಕೂರಬೇಡಿ. ವಿಮಾನದ ನಂಬರು, ಇಳಿಯುವ ಸಮಯ ಬರೆದು, "ಯಾವ ಮಹಡಿಯಾದರೂ ಸರಿ" ಅನ್ನಿ. ಹಿಂದಿನ ರಾತ್ರಿ ಖಾಲಿ ಇದ್ದ ರೂಮು ಇದ್ದರೆ ಬೇಗ ಕೊಡುತ್ತಾರೆ.

ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಇದ್ದರೆ ಹಿಂದಿನ ರಾತ್ರಿಗೂ ಸೇರಿಸಿ ಬುಕ್ ಮಾಡಿ. ದುಡ್ಡು ಜಾಸ್ತಿ, ನಿಜ. ಆದರೆ ಅವರು ಲಾಬಿಯ ಕುರ್ಚಿಯಲ್ಲಿ ತೂಕಡಿಸೋದನ್ನು ನೋಡೋಕಾಗಲ್ಲ, ಅಲ್ವಾ? ಹಾಗೆ ಮಾಡಿದರೆ ಬರೋದು ಮರುದಿನ ಬೆಳಗ್ಗೆ ಅಂತ ತಪ್ಪದೆ ತಿಳಿಸಿ. ಇಲ್ಲದಿದ್ದರೆ ನೀವು ಬರಲೇ ಇಲ್ಲ ಅಂದುಕೊಂಡು ಬುಕಿಂಗ್ ರದ್ದು ಮಾಡಿಬಿಡಬಹುದು.

ರೂಮು ಸಿಗದಿದ್ದರೆ ಲಗೇಜು ಹೋಟೆಲಿನಲ್ಲೇ ಬಿಡಿ. ನೀವು ಇಳಿಯುವ ಚಾಂಗಿ ವಿಮಾನ ನಿಲ್ದಾಣದಲ್ಲಿ ದುಡ್ಡು ಕೊಟ್ಟು ಸ್ನಾನ ಮಾಡುವ ವ್ಯವಸ್ಥೆ ಇದೆ. ಒಂದು ಜೊತೆ ಬಟ್ಟೆ, ಮಾತ್ರೆಗಳು ಕೈಚೀಲದಲ್ಲೇ ಇರಲಿ.