ಸಂಬಳ ತಿಂಗಳಿಗೆ, ಅಡಿಕೆ ವರ್ಷಕ್ಕೆ: ಗಂಡ ಹೆಂಡತಿ ಲೆಕ್ಕ ಹೊಂದಿಸುವುದು ಹೇಗೆ?

ಹೆಂಡತಿಗೆ ಶಾಲೆಯಲ್ಲಿ ಕೆಲಸ, ಗಂಡನಿಗೆ ಅಡಿಕೆ ತೋಟ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಬಾಯಾರು, ಮುಳ್ಳೇರಿಯ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಅವಳ ಸಂಬಳ ಪ್ರತಿ ತಿಂಗಳು ಬರುತ್ತದೆ. ಅವನ ಅಡಿಕೆ ಮಾರಾಟವಾಗುವುದು ವರ್ಷಕ್ಕೆ ಎರಡೋ ಮೂರೋ ಸಲ. ಪೇಟೆಯ ದಂಪತಿಗೆಂದು ಬರೆದ ಸಲಹೆಗಳು ಇಲ್ಲಿಗೆ ಹೊಂದುವುದಿಲ್ಲ. ತಿಂಗಳ ಖರ್ಚನ್ನು ಅರ್ಧರ್ಧ ಹಂಚಿಕೊಳ್ಳಿ ಎನ್ನುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ತೋಟದವನ ಕೈಯಲ್ಲಿ ಏನಿರುತ್ತದೆ? ಕೊಳೆರೋಗಕ್ಕೆ ಮದ್ದು ಬಿಡಿಸಿದ ಬಾಕಿ ಇರುತ್ತದೆ, ಅಷ್ಟೇ.

ಹಾಗಾಗಿ ನಮ್ಮ ಕಡೆ ಪಾಲನ್ನು ವರ್ಷದ ಲೆಕ್ಕದಲ್ಲಿ ನಿಗದಿ ಮಾಡಬೇಕು. ಹಣ ಹಾಕುವುದು ಅವರವರಿಗೆ ದುಡ್ಡು ಬರುವ ಹೊತ್ತಿಗೆ.

ಗಂಡ ಹೆಂಡತಿಗೆ ಬೇರೆ ಬೇರೆ ಹಣ ಯಾಕೆ, ಇದೆಲ್ಲ ಈಗಿನವರ ಫ್ಯಾಶನ್ನು ಎಂದು ಮೂಗು ಮುರಿಯುವವರು ಇದ್ದಾರೆ. ಈ ಊರಿನಲ್ಲಿ ಆ ಮಾತು ನಿಲ್ಲುವುದಿಲ್ಲ. ಅಳಿಯಕಟ್ಟಿನ ಕುಟುಂಬಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತು. ಹೆಂಡತಿಯ ತರವಾಡಿನ, ಅಂದರೆ ತಾಯಿಯ ಕಡೆಯ ಮನೆತನದ, ಆಸ್ತಿಯಲ್ಲಿ ಗಂಡನಿಗೆ ಪಾಲಿರಲಿಲ್ಲ. ಕೇರಳದಲ್ಲಿ ಆ ಪದ್ಧತಿ ಕಾನೂನಿನ ಪ್ರಕಾರ ಮುಗಿದದ್ದು 1976ರ ಡಿಸೆಂಬರ್ 1ರಂದು. ಅಂದರೆ ನಮ್ಮ ಅಜ್ಜಿಯಂದಿರ ಕಾಲದ ಸಂಗತಿ. ಮುಸ್ಲಿಂ ಮನೆಗಳಲ್ಲಿ ಮದುವೆಯಲ್ಲಿ ಗಂಡ ಕೊಡುವ ಮಹರ್ ಇವತ್ತಿಗೂ ಹೆಂಡತಿಯದೇ.

ಮೊದಲು ವರ್ಷದ ಖರ್ಚು ಬರೆಯಿರಿ

ಒಂದು ಪುಸ್ತಕದಲ್ಲಿ ಎರಡು ಪಟ್ಟಿ ಮಾಡಿ. ಒಂದು ತಿಂಗಳ ಖರ್ಚಿನದು: ದಿನಸಿ, ಮೀನು ತರಕಾರಿ, ಗ್ಯಾಸ್, ಮೊಬೈಲು, ಪೆಟ್ರೋಲು. ಕರೆಂಟ್ ಬಿಲ್ಲು ನಮ್ಮಲ್ಲಿ ಎರಡು ತಿಂಗಳಿಗೊಮ್ಮೆ ಬರುವುದರಿಂದ ಅದರ ಅರ್ಧ ಬರೆದುಕೊಳ್ಳಿ. ಇನ್ನೊಂದು ಒಟ್ಟಿಗೆ ಬರುವ ಖರ್ಚಿನದು: ಜೂನ್‌ನ ಶಾಲೆ ಕಾಲೇಜು ಫೀಸು, ವಿಮೆ, ಮಳೆಗಾಲಕ್ಕೆ ಮುಂಚಿನ ಮನೆ ರಿಪೇರಿ, ಹಬ್ಬ, ಕೋಲ, ಬ್ರಹ್ಮಕಲಶದ ವಂತಿಗೆ, ಮೇ ತಿಂಗಳ ಮದುವೆಗಳ ಉಡುಗೊರೆ, ಮಂಗಳೂರಿನ ಆಸ್ಪತ್ರೆ.

ತೋಟದ ಖರ್ಚನ್ನು ಇದರಲ್ಲಿ ಸೇರಿಸಬೇಡಿ. ಗೊಬ್ಬರ, ಮದ್ದು, ಕೊಯ್ಲು, ಸುಲಿಯುವ ಕೂಲಿ ಇವೆಲ್ಲ ತೋಟದ ಲೆಕ್ಕ. ಅಡಿಕೆ ಮಾರಿದ ಹಣದಲ್ಲಿ ಮೊದಲು ಅದು ಕಳೆಯಬೇಕು, ಉಳಿದದ್ದು ಮಾತ್ರ ಆದಾಯ. ಹೆಚ್ಚಿನ ಮನೆಗಳಲ್ಲಿ ಜಗಳ ಹುಟ್ಟುವುದು ಇಲ್ಲೇ. "ಲಕ್ಷ ಲಕ್ಷ ಬಂತಲ್ಲ, ಎಲ್ಲಿ ಹೋಯಿತು?" ಎಂದು ಅವಳು. "ತೋಟ ಸುಮ್ನೆ ಫಲ ಕೊಡ್ತದಾ?" ಎಂದು ಇವನು. ಒಂದು ವರ್ಷ ಕೊಳೆರೋಗ, ಇನ್ನೊಂದು ವರ್ಷ ಒಳ್ಳೆಯ ರೇಟು. ಅದಕ್ಕೇ ಹಿಂದಿನ ಮೂರು ವರ್ಷಗಳ ಸರಾಸರಿ ಹಿಡಿಯುವುದು ಲೇಸು.

ಆಮೇಲೆ ಪಾಲು

ಆದಾಯಕ್ಕೆ ತಕ್ಕ ಪಾಲು ಎಂಬುದು ನನ್ನ ಆಯ್ಕೆ. ಸಮಪಾಲು ಕೇಳಲು ಚಂದ, ಆದರೆ ಕಡಿಮೆ ದುಡಿಯುವವರ ಕೈ ಯಾವಾಗಲೂ ಖಾಲಿ.

ಉದಾಹರಣೆಗೆ, ಹೆಂಡತಿಯ ಕೈಗೆ ಬರುವ ಸಂಬಳ ತಿಂಗಳಿಗೆ 40,000, ವರ್ಷಕ್ಕೆ 4.8 ಲಕ್ಷ. ಗಂಡನಿಗೆ ತೋಟದ ಖರ್ಚು ಕಳೆದು 3 ಲಕ್ಷ. ಒಟ್ಟು 7.8 ಲಕ್ಷ. ಮನೆಯ ಖರ್ಚು ವರ್ಷಕ್ಕೆ 3.9 ಲಕ್ಷ ಎಂದಿಟ್ಟುಕೊಳ್ಳಿ. ಅಂದರೆ ಇಬ್ಬರೂ ತಮ್ಮ ಆದಾಯದ ಅರ್ಧ ಕೊಡಬೇಕು: ಅವಳು 2.4 ಲಕ್ಷ, ಅವನು 1.5 ಲಕ್ಷ. ಅವಳದ್ದು ತಿಂಗಳಿಗೆ 20,000ದಂತೆ ಹೋಗಿ ತಿಂಗಳ ಪಟ್ಟಿಯನ್ನು ಹೊರುತ್ತದೆ. ಅವನದ್ದು ಒಟ್ಟಿಗೆ ಬರುವ ಖರ್ಚಿಗೆ. ಉಳಿದ ಅರ್ಧ ಅವರವರದ್ದು. ಅದರಲ್ಲಿ ಸೀರೆ ತಂದರೂ ಸರಿ, ಯಕ್ಷಗಾನಕ್ಕೆ ಚಂದಾ ಕೊಟ್ಟರೂ ಸರಿ, ಯಾಕೆ ಎಂದು ಕೇಳುವ ಹಾಗಿಲ್ಲ.

ತೋಟದವನ ಪಾಲಿಗೆ ತಾರೀಕು ಬೇಕು. ಅರ್ಧ ಸಂಕ್ರಾಂತಿಗೆ, ಉಳಿದದ್ದು ಏಪ್ರಿಲ್‌ನ ಬಿಸು ಹಬ್ಬಕ್ಕೆ ಎಂದಿಟ್ಟುಕೊಳ್ಳಬಹುದು. ಇಲ್ಲದಿದ್ದರೆ ಅಡಿಕೆ ಅಟ್ಟದಲ್ಲೇ ಇರುತ್ತದೆ, "ರೇಟು ಇನ್ನೂ ಏರಲಿ" ಎನ್ನುತ್ತಾ ಜೂನ್ ಬರುತ್ತದೆ, ಮಕ್ಕಳ ಫೀಸು ಅವಳ ಸಂಬಳದಿಂದಲೇ ಹೋಗುತ್ತದೆ. ರೇಟಿಗೆ ಕಾಯುವುದು ತಪ್ಪಲ್ಲ. ಮನೆಯ ಪಾಲಿಗೆ ಬೇಕಾದಷ್ಟು ಅಡಿಕೆಯನ್ನು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೋ ಅಂಗಡಿಗೋ ಕೊಟ್ಟು, ಮಿಕ್ಕದ್ದಕ್ಕೆ ಕಾಯಲಿ.

ಹೆಂಡತಿಗೆ ಸಂಬಳವಿಲ್ಲದ ಮನೆಗಳಲ್ಲಿ? ಅಂಗಳದಲ್ಲಿ ಅಡಿಕೆ ಹರವುವುದು, ದನದ ಕೆಲಸ, ಕೂಲಿಯವರಿಗೆ ಊಟ ತಿಂಡಿ, ಇದೆಲ್ಲ ಅವಳದ್ದೇ ಅಲ್ವಾ? ಆದ್ದರಿಂದ ಮನೆಖರ್ಚು ಕಳೆದು ಉಳಿದದ್ದರಲ್ಲಿ ಅವಳ ಪಾಲು ಅವಳದೇ ಖಾತೆಗೆ ಹೋಗಬೇಕು. ಹಾಲಿನ ಹಣ, ಬೀಡಿಯ ಹಣ, ಮಹಿಳಾ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಉಳಿತಾಯ ಮೊದಲಿಂದಲೂ ಹೆಂಗಸರ ಕೈಯಲ್ಲೇ ಇದ್ದದ್ದು. ಅದನ್ನು ತೋರಿಸಿ "ನಿನಗೆ ಅದಿದೆಯಲ್ಲ" ಎಂದು ಕೈತೊಳೆದುಕೊಳ್ಳಬಾರದು. ಗಂಡ ಹೆಂಡತಿಗೆ ಕೊಟ್ಟ ಹಣಕ್ಕೆ ಅವಳು ಆದಾಯ ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ಆ ಹಣವನ್ನು ಠೇವಣಿ ಇಟ್ಟರೆ ಬರುವ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ.

ಖಾತೆ ಮೂರು

ಅವಳದ್ದೊಂದು, ಅವನದ್ದೊಂದು, ಮನೆಯದ್ದೊಂದು. ಮನೆಯ ಖಾತೆ ಜಂಟಿಯಾಗಿರಲಿ. ತೆರೆಯುವಾಗ ಫಾರ್ಮಿನಲ್ಲಿ 'ಈದರ್ ಆರ್ ಸರ್ವೈವರ್' ಎಂಬುದನ್ನು ಗುರುತಿಸಿ. ಆಗ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು, ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ತೊಡಕಿಲ್ಲ. 'ಜಾಯಿಂಟ್ಲಿ' ಎಂದು ಬರೆದರೆ ಪ್ರತಿ ಸಲ ಇಬ್ಬರ ಸಹಿ ಬೇಕು. ದಿನದ ಖರ್ಚಿಗೆ ಅದು ಆಗಿಬರುವುದಿಲ್ಲ.

ಉಳಿತಾಯದ ದೊಡ್ಡ ಮೊತ್ತವನ್ನು ಎಲ್ಲಿಡುತ್ತೀರಿ ಎಂಬುದನ್ನೂ ನೋಡಿಕೊಳ್ಳಿ. ವಾಣಿಜ್ಯ ಬ್ಯಾಂಕುಗಳಲ್ಲಿ, ಕೇರಳ ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಊರಿನ ಸೇವಾ ಸಹಕಾರಿ ಬ್ಯಾಂಕು ಹೆಸರಿಗೆ ಬ್ಯಾಂಕಾದರೂ ಅದು ಪ್ರಾಥಮಿಕ ಸಹಕಾರಿ ಸಂಘ. ಈ ವಿಮೆ ಅಲ್ಲಿಗೆ ಬರುವುದಿಲ್ಲ. ರಾಜ್ಯದ್ದೇ ಬೇರೆ ಠೇವಣಿ ಖಾತರಿ ನಿಧಿ ಇದೆ. ಬಡ್ಡಿ ಜಾಸ್ತಿ ಎಂದು ಇಬ್ಬರ ಹಣವನ್ನೂ ಒಂದೇ ಕಡೆ ಸುರಿಯಬೇಡಿ.

ನಾಮಿನಿ ಹೆಸರು ಮೂರೂ ಖಾತೆಗೆ ಬೇಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು. ಮದುವೆಗೆ ಮುಂಚೆ ತೆರೆದ ಖಾತೆಯಲ್ಲಿ ಈಗಲೂ ತೀರಿಹೋದ ಅಪ್ಪನ ಹೆಸರಿರಬಹುದು, ತೆಗೆದು ನೋಡಿ.

ಗಂಡ ಗಲ್ಫಿನಲ್ಲಿದ್ದರೆ

ಉಪ್ಪಳ, ಕುಂಬಳೆಯ ಎಷ್ಟೋ ಮನೆಗಳ ಹಣ ಬರುವುದು ದುಬೈಯಿಂದಲೋ ಸೌದಿಯಿಂದಲೋ. ಅವನ ಎನ್‌ಆರ್‌ಇ ಖಾತೆಗೆ (ಹೊರದೇಶದಲ್ಲಿರುವವರು ಅಲ್ಲಿನ ದುಡಿಮೆಯನ್ನು ಇಲ್ಲಿ ಇಡುವ ಖಾತೆ) ಊರಿನಲ್ಲಿರುವ ಹೆಂಡತಿಯನ್ನು ಜಂಟಿಯಾಗಿ ಸೇರಿಸಬಹುದು, ಆದರೆ 'ಫಾರ್ಮರ್ ಆರ್ ಸರ್ವೈವರ್' ಎಂಬ ಕ್ರಮದಲ್ಲಿ ಮಾತ್ರ. ಅಂದರೆ ಅವನಿರುವಾಗ ಅವಳು ಆ ಖಾತೆಯನ್ನು ನಡೆಸಬೇಕಾದರೆ ಪವರ್ ಆಫ್ ಅಟಾರ್ನಿ ಬೇಕು. ಇದು ಗೊತ್ತಿಲ್ಲದೆ ಅವಸರದ ಹೊತ್ತಿನಲ್ಲಿ ಬ್ಯಾಂಕಿಗೆ ಹೋಗಿ ಬರಿಗೈಯಲ್ಲಿ ಬರುವ ಹಾಗಾಗಬಾರದು. ಮನೆಖರ್ಚಿನ ಹಣ ನೇರವಾಗಿ ಹೆಂಡತಿಯ ಖಾತೆಗೇ ಬರಲಿ. ಅತ್ತೆ ಮಾವನ ಕೈಯಿಂದ ಅವಳು ಕೇಳಿ ಪಡೆಯುವ ಪಾಡು ಬೇಡ.

ಚಿನ್ನ ಯಾರದು?

ಮದುವೆಯಲ್ಲಿ ಹುಡುಗಿಗೆ ತಾಯಿ ಮನೆಯವರು ಹಾಕಿದ ಚಿನ್ನ ಅವಳದೇ. ಅದು ಜಂಟಿ ಆಸ್ತಿಯಲ್ಲ. ಕೇರಳದ್ದೇ ಒಂದು ಮೊಕದ್ದಮೆಯಲ್ಲಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೊಮ್ಮೆ ಹೇಳಿತು. ಹೆಂಡತಿಯ 89 ಪವನು (ಒಂದು ಪವನು ಎಂದರೆ 8 ಗ್ರಾಂ) ಚಿನ್ನ ಕೈಬಿಟ್ಟುಹೋಗಿತ್ತು. ಗಂಡ 25 ಲಕ್ಷ ರೂಪಾಯಿ ಕೊಡಬೇಕೆಂದು ತೀರ್ಪಾಯಿತು. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿಕೊಳ್ಳಬಹುದು, ಆದರೆ ಹಿಂದೆ ಕೊಡುವ ಹೊಣೆ ಅವನದು ಎಂದಿತು ಕೋರ್ಟು. ಹಾಗಾಗಿ ತೋಟಕ್ಕೆ ಬೋರ್‌ವೆಲ್ ಕೊರೆಸಲು ಅವಳ ಬಳೆ ಅಡವಿಟ್ಟರೆ ಆ ಸಾಲ ತೋಟದ ಲೆಕ್ಕಕ್ಕೆ ಬರೆಯಿರಿ. ಬಿಡಿಸುವ ತಾರೀಕನ್ನೂ ಬರೆಯಿರಿ.

ಜಾಮೀನು ಹಾಕುವ ಮುಂಚೆ

ಖರ್ಚಿನ ಪಟ್ಟಿಯಲ್ಲಿ ಕಾಣದ ಒಂದು ಸಂಗತಿ ಇದೆ. ಸರಕಾರಿ ಸಂಬಳದವರ ಹತ್ತಿರ ನೆಂಟರು ಬರುವುದು ಸಾಲ ಕೇಳಲು ಅಲ್ಲ, ಸ್ಯಾಲರಿ ಸರ್ಟಿಫಿಕೇಟು ಕೇಳಲು. ಕೇರಳ ಸರಕಾರದ ಚಿಟ್ ಫಂಡ್ ಸಂಸ್ಥೆ ಕೆಎಸ್‌ಎಫ್‌ಇಯಲ್ಲಿ ಚಿಟ್ಟಿ ಕೂಗಿದವರು ಉಳಿದ ಕಂತುಗಳಿಗೆ ಜಾಮೀನು ತೋರಿಸಿಯೇ ಹಣ ಪಡೆಯಬೇಕು. ಅವರು ಕಂತು ತಪ್ಪಿಸಿದರೆ ವಸೂಲಿ ಜಾಮೀನುದಾರರ ಸಂಬಳಕ್ಕೆ ಬರುತ್ತದೆ. ಆಗ ಮನೆಯ ಖಾತೆಗೆ ಬರಬೇಕಾದ 20,000 ಬರುವುದಿಲ್ಲ. ಆದ್ದರಿಂದ ಚಿಟ್ಟಿ ಕೂಗುವುದು, ಜಾಮೀನು ಹಾಕುವುದು, ಸೊಸೈಟಿಯಲ್ಲಿ ತೋಟದ ಮೇಲೆ ಸಾಲ ತೆಗೆಯುವುದು, ಈ ಮೂರನ್ನು ಇಬ್ಬರೂ ಒಪ್ಪಿದ ಮೇಲೆ ಮಾತ್ರ ಮಾಡಿ, ಹಣ ಯಾರದೇ ಆಗಿರಲಿ. ಕೇಳಲು ಬಂದವರಿಗೆ ಕೂಡಲೇ ಉತ್ತರ ಬೇಡ. ಒಟ್ಟು ಎಷ್ಟು ಕಂತು, ಎಷ್ಟು ಬಾಕಿ, ಇನ್ನೊಬ್ಬ ಜಾಮೀನುದಾರ ಯಾರು ಎಂದು ಕೇಳಿ ಬರೆದಿಟ್ಟುಕೊಳ್ಳಿ. "ಮನೆಯಲ್ಲಿ ಕೇಳಿ ಹೇಳ್ತೇನೆ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.