ಸಜ್ಜಿಗೆ ಕರಿದ ಭಾನುವಾರ

ಇಟಲಿಯ ಟುರಿನ್‌ಗೆ ಬಂದ ಮೊದಲ ಚಳಿಗಾಲ, ಕೆಳಮನೆಯ ಅಜ್ಜಿ ಊಟಕ್ಕೆ ಕರೆದಿದ್ದರು. ತಟ್ಟೆಯಲ್ಲಿ ಕರಿದ ಹೂಕೋಸು, ಕರಿದ ಸಾಸೇಜು, ಅದಕ್ಕೆ ಒರಗಿಕೊಂಡಂತೆ ಕರಿದ ಸೇಬಿನ ಬಿಲ್ಲೆ, ಜೊತೆಗೊಂದು ಬರ್ಫಿಯಂಥ ತುಂಡು. ಕಚ್ಚಿದರೆ ಸಿಹಿ! ಒಳಗಿದ್ದದ್ದು ಹಾಲಲ್ಲಿ ಬೇಯಿಸಿದ ರವೆ. ಅಮ್ಮನಿಗೆ ಫೋನಲ್ಲಿ ಹೇಳಿದರೆ, "ಸಜ್ಜಿಗೆ ಮಾಡಿ ಮತ್ಯಾಕೆ ಕರೀತಾರೆ?" ಅಂದಳು.

ಇದು ಟುರಿನ್ ಇರುವ ಪಿಯೆಮೊಂಟೆ ಸೀಮೆಯ ಫ್ರಿತ್ತೊ ಮಿಸ್ತೊ, ಅಂದರೆ ಬಗೆಬಗೆಯದನ್ನು ಕರಿದು ಒಟ್ಟಿಗೆ ಬಡಿಸುವ ತಿನಿಸು. ಇಟಲಿಯ ಕರಾವಳಿಯಲ್ಲಿ ಇದೇ ಹೆಸರು ಹೇಳಿ ಕೇಳಿದರೆ ಸ್ಕ್ವಿಡ್, ಸೀಗಡಿ, ಸಣ್ಣ ಮೀನು ಬರುತ್ತವೆ. ಇಲ್ಲಿಯದಕ್ಕೆ ಮಿದುಳು, ಲಿವರ್ ಎಲ್ಲ ಸೇರಬೇಕು. ಅದು ನನ್ನ ಕೈಲಾಗದು.

ರವೆಯ ಕೆಲಸ ಹಿಂದಿನ ರಾತ್ರಿಯೇ ಮುಗಿಯಬೇಕು. ಅರ್ಧ ಲೀಟರ್ ಹಾಲಿಗೆ 100 ಗ್ರಾಂ ಸಕ್ಕರೆ, ನಿಂಬೆ ಸಿಪ್ಪೆಯ ತುರಿ. ಕುದಿ ಬಂದಾಗ 125 ಗ್ರಾಂ ಸಣ್ಣ ರವೆಯನ್ನು ಉದುರಿಸುತ್ತ ಬಿಡದೆ ಕೈಯಾಡಿಸುತ್ತೇನೆ. ತಳ ಬಿಟ್ಟ ಮೇಲೆ ಬೆಣ್ಣೆ ಸವರಿದ ತಟ್ಟೆಯಲ್ಲಿ ಬೆರಳು ದಪ್ಪಕ್ಕೆ ಹರವುವುದು. ಮೊದಲ ಸಲ ಅವಸರಕ್ಕೆ ಬಿದ್ದು ಅರ್ಧ ಗಂಟೆಗೇ ಕತ್ತರಿಸಿ ಎಣ್ಣೆಗೆ ಬಿಟ್ಟೆ. ಅಂಚು ಬಿರಿದು, ರವೆ ಹೊರಬಂದು, ಬಾಣಲೆ ತುಂಬ ಎಣ್ಣೆ ಪಾಯಸ! ಈಗ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಕತ್ತರಿಸಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸುತ್ತೇನೆ. ಅಮರೆತ್ತಿ ಎಂಬ ಬಾದಾಮಿ ಬಿಸ್ಕತ್ತಿಗೂ ಇದೇ ಉಪಚಾರ.

ಸೇಬು, ಹೂಕೋಸಿಗೆ ಹಿಟ್ಟು ಬೇರೆ. ಮೈದಾ, ಚಿಟಿಕೆ ಉಪ್ಪು, ಫ್ರಿಜ್‌ನಿಂದ ಆಗಷ್ಟೇ ತೆಗೆದ ಸೋಡಾ ನೀರು, ಅಷ್ಟೇ. ಬಜ್ಜಿ ಹಿಟ್ಟಿನ ಹಾಗೆ ಚೆನ್ನಾಗಿ ಕಲಸಿದರೆ ಮೈದಾ ಜಿಗುಟಾಗಿ ಹೊದಿಕೆ ರಬ್ಬರಾಗುತ್ತದೆ. ಗಂಟು ಉಳಿದರೂ ಕೈ ತಡೆಯಬೇಕು. (ಒಮ್ಮೆ ಚಪಲಕ್ಕೆ ಓಮ ಹಾಕಿದ್ದೆ. ಅಜ್ಜಿ ಮೂಸಿ ನೋಡಿ ತಟ್ಟೆ ಆಚೆ ಸರಿಸಿದರು.)

ಬಾಣಲೆ ಎರಡಿರಲಿ. ಉದುರಿದ ಬ್ರೆಡ್ ಪುಡಿ ತಳದಲ್ಲಿ ಸೀದು ಎಣ್ಣೆ ಕಪ್ಪಾಗುತ್ತದೆ, ಆಮೇಲೆ ಅದರಲ್ಲಿ ಕರಿದ ಸೇಬೂ ಕಹಿ. ಕಾವು 175 ಡಿಗ್ರಿ ಸುತ್ತ. ಒಂದು ಸಲಕ್ಕೆ ನಾಲ್ಕೈದು ತುಂಡು ಸಾಕು, ಹೆಚ್ಚು ಬಿಟ್ಟರೆ ಎಣ್ಣೆ ತಣ್ಣಗಾಗಿ ಎಲ್ಲ ಎಣ್ಣೆ ಕುಡಿಯುತ್ತವೆ. ಉಪ್ಪು ಉದುರಿಸುವುದು ಬಾಣಲೆಯಿಂದ ತೆಗೆದ ಮೇಲೆ, ಖಾರದವಕ್ಕೆ ಮಾತ್ರ.

ಸಿಹಿಯನ್ನು ಕೊನೆಗೆ ಅಂತ ಎತ್ತಿಟ್ಟಿದ್ದೆ. ಅಜ್ಜಿ ತಲೆಯಾಡಿಸಿ, ಎರಡು ತುತ್ತು ಸಾಸೇಜಿನ ನಡುವೆ ರವೆಯ ತುಂಡೊಂದನ್ನು ನನ್ನ ತಟ್ಟೆಗೆ ತಳ್ಳಿದರು.